ಹಿಂದಿನ ಕೋಣೆಯ ಸೀಟು

"ಹಿಂದಿನ ಕೋಣೆಗೆ ನಮ್ಮನೆ ಮಗುವಾ? ನಾನು ಸತ್ತ ಮೇಲೆ ಕಳಿಸು," ಎಂದು ಅಜ್ಜಿ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಕುಕ್ಕಿದಳು.

"ಅಷ್ಟು ವರ್ಷ ಕಾಯೋಕಾಗಲ್ಲ ಅತ್ತೆ," ಎಂದಳು ಸೊಸೆ. "ನಿಮ್ಮ ಆರೋಗ್ಯ ಕಲ್ಲುಗುಂಡಿನ ಹಾಗಿದೆ."

ಮಗ ಟೀ ಲೋಟದೊಳಗೇ ನಕ್ಕ. ತಾಯಿ ತನ್ನ ಕಡೆ ತಿರುಗಿದ್ದು ಕಂಡು ನಗುವನ್ನು ಕೆಮ್ಮು ಮಾಡಿಕೊಂಡ. ಹೊಸ ಕಟ್ಟಡಗಳಿಗೆ ವೈರಿಂಗ್ ಮಾಡುವವನು ಅವನು. ಯಾವ ತಂತಿ ಮುಟ್ಟಬಾರದು ಎನ್ನುವುದು ಕೆಲಸದಲ್ಲಿ ಗೊತ್ತಿದ್ದಷ್ಟೇ ಮನೆಯಲ್ಲೂ ಗೊತ್ತಿತ್ತು.

ಹಿಂದಿನ ಕೋಣೆ ಎಂದರೆ ಆ ಬೀದಿಯ ಶಾಲೆಯ ಕಟ್ಟಕಡೆಯ ಕೋಣೆ. ಮಾತು ಬಾರದ, ಕರೆದರೆ ತಿರುಗಿ ನೋಡದ, ಕೂತಲ್ಲಿ ಕೂರದ ಪುಟ್ಟ ಮಕ್ಕಳನ್ನು ಒಂದನೇ ತರಗತಿಗೆ ಮೊದಲು ಅಲ್ಲಿ ಕೈಹಿಡಿದು ತಿದ್ದುತ್ತಿದ್ದರು. ಬೋರ್ಡಿನ ಮೇಲೆ 'ವಿಶೇಷ ಶಿಶು ತರಗತಿ' ಎಂದು ಚೆಂದದ ಅಕ್ಷರಗಳಿದ್ದವು. ಆದರೆ ಬೋರ್ಡು ಓದಿ ಮಾತಾಡುವವರು ಯಾರು? ಬೀದಿಯವರ ಬಾಯಲ್ಲಿ ಅದು ಹಿಂದಿನ ಕೋಣೆ. ಸೀಟು ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕೆಂದು ಶಾಲೆಯ ಕಮಿಟಿ ತೀರ್ಮಾನಿಸುವ ಮೊದಲು ಶಾಲೆಯ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಮಗು ಹೇಗೆ ಉಣ್ಣುತ್ತದೆ, ಹೇಗೆ ಆಡುತ್ತದೆ, ಯಾರ ಹತ್ತಿರ ಹೋಗುತ್ತದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಗೇಟಿನ ಬಳಿ ಕಾಯುವ ತಾಯಂದಿರು ಅವರನ್ನು 'ಮನೆ ನೋಡೋ ಮೇಡಂ' ಎನ್ನುತ್ತಿದ್ದರು.

ಮಗುವಿಗೆ ನಾಲ್ಕು ತುಂಬಿತ್ತು. ನಡೆಯಲು ಬಂದ ದಿನದಿಂದ ಕೋಣೆಯ ನಡುವೆ ನಿಂತು ಗಿರಗಿರ ತಿರುಗುತ್ತಿದ್ದಳೆಂದು ಅಪ್ಪ ಇಟ್ಟ ಹೆಸರು ಬುಗುರಿ. ಮೊದಮೊದಲು ಎಲ್ಲರೂ ನಗುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ. ಒಂದು ಮಾತಿಲ್ಲ. ಮುಟ್ಟಿದರೆ ಮೀನಿನ ಹಾಗೆ ಜಾರಿಕೊಳ್ಳುತ್ತಿದ್ದಳು. ಮೊಲೆ ಬಿಟ್ಟಾಗಿನಿಂದ ಹೆತ್ತವಳ ಮಡಿಲಿಗೂ ತಾನಾಗಿ ಬಂದವಳಲ್ಲ.

"ಡಾಕ್ಟರೇ ಹೇಳಿದ್ದಾರೆ," ಎಂದಳು ಸೊಸೆ. "ಈಗ ಕಲಿಸಿದ್ರೆ ಕಲೀತಾಳೆ, ತಡ ಮಾಡಿದ್ರೆ ಕಷ್ಟ ಅಂತ. ಮುಂದಿನ ತಿಂಗಳು ಮೇಡಂ ಬರ್ತಾರೆ."

ಕನ್ನಡಿಯ ಮುಂದೆ ದುಪಟ್ಟಾಕ್ಕೆ ಪಿನ್ನು ಹಾಕಿಕೊಳ್ಳುತ್ತಿದ್ದ ನಾದಿನಿ ತಿರುಗಿದಳು. ಅವಳು ಅದೇ ಶಾಲೆಯ ಶಿಶುವಿಹಾರದಲ್ಲಿ ಟೀಚರು. ಮನೆಯಲ್ಲೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. "ಅತ್ತಿಗೆ, ಈ ವರ್ಷ ನನ್ನ ಕೆಲಸ ಖಾಯಂ ಆಗೋ ಮಾತು ನಡೀತಿದೆ. ಬೆಳಿಗ್ಗೆ ಪ್ರಾರ್ಥನೆ ಹೊತ್ತಲ್ಲಿ ನಮ್ಮನೆ ಮಗು ಆ ಸಾಲಲ್ಲಿ ನಿಂತು ಗಿರಗಿರ ತಿರುಗಿದ್ರೆ ಹೆಡ್‌ಮಿಸ್ ಏನಂತಾರೆ?"

"ಮಗು ತಿರುಗ್ತಿದೆ ಅಂತಾರೆ."

"ನಿಮಗೆ ತಮಾಷೆ."

"ನನಗೆ ತಮಾಷೆನಾ?" ಸೊಸೆ ಮಗುವಿನ ತಟ್ಟೆಯಿಂದ ಬಿದ್ದ ಮೊಟ್ಟೆಯ ಚೂರುಗಳನ್ನು ಆರಿಸುತ್ತ ಹೇಳಿದಳು. "ನಾನು ಅರ್ಜಿಗೆ ಸಹಿ ಹಾಕಿ ಬಂದಾಯ್ತು. ಇನ್ನು ಹಿಂದೆ ತಗೊಳ್ಳಲ್ಲ."

ಅಜ್ಜಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು. ಆಮೇಲೆ ಅಜ್ಜಿ ಇದ್ದಕ್ಕಿದ್ದ ಹಾಗೆ ಮೆತ್ತಗಾದಳು. "ಆಯ್ತು ಬಿಡು. ಬರ್ಲಿ, ನೋಡ್ಕೊಂಡು ಹೋಗ್ಲಿ. ನೋಡಿದ್ರೆ ಏನು ಸವೆಯುತ್ತಾ?"

ಸೊಸೆಗೆ ಆ ಮೆತ್ತಗಿನ ದನಿ ಹೊಸದು. ಆದರೆ ಅಂಗಡಿಗೆ ಹೊತ್ತಾಗಿತ್ತು. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಫ್ರೇಮಿಗೆ ತಕ್ಕಂತೆ ಗಾಜು ಉಜ್ಜುವುದು ಅವಳ ಕೆಲಸ. ಒಂದು ಕೂದಲೆಳೆ ತಪ್ಪಿದರೂ ಗಾಜು ಕೂರುವುದಿಲ್ಲ, ತಡವಾಗಿ ಹೋದರೆ ಮಾಲೀಕ ಬಿಡುವುದಿಲ್ಲ. ಚಪ್ಪಲಿ ಮೆಟ್ಟಿ ಓಡಿದಳು.

ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನೋವು ತಿನ್ನುವ ಹೆಂಗಸರ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅವಳದು. ಆ ಸಂಜೆ ಸೊಸೆ ಬರುವ ಮೊದಲೇ ತಾಯಿ ಮಗಳು ಬೀನ್ಸ್ ಬಿಡಿಸುತ್ತ ಮಾತಿಗೆ ಕೂತರು.

"ಆ ಮೇಡಂ ಪ್ರಶ್ನೆಗಿಶ್ನೆ ಜಾಸ್ತಿ ಕೇಳಲ್ಲ ಅಮ್ಮ," ಎಂದಳು ಟೀಚರ್. "ಊಟದ ಹೊತ್ತಿಗೆ ಬರ್ತಾರೆ. ಕೈ ತೊಳ್ಕೊಳ್ಳುತ್ತಾ, ಒಂದು ಕಡೆ ಕೂತು ತಿನ್ನುತ್ತಾ, ಕರೆದ್ರೆ ತಾಯಿ ಹತ್ರ ಬರುತ್ತಾ. ಇಷ್ಟೇ ನೋಡೋದು. ಇದೆಲ್ಲ ಸರಿಯಾಗಿದ್ರೆ ಹಿಂದಿನ ಕೋಣೆ ಬೇಡ ಅಂತ ಬರೀತಾರೆ."

"ಇಷ್ಟೇನಾ? ಇದನ್ನ ನಾಯಿಗೂ ಕಲಿಸಬಹುದಲ್ಲೇ!"

"ನಾಯಿ ಬೇಗ ಕಲಿಯುತ್ತೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬುಗುರಿ ಅವರ ಪಕ್ಕದಲ್ಲೇ ಬೀನ್ಸ್ ಸಿಪ್ಪೆಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸುತ್ತಿದ್ದಳು.

ಮಾರನೆಯ ದಿನದಿಂದ ಅಭ್ಯಾಸ ಶುರುವಾಯಿತು. ಸೊಸೆ ಬೀದಿಯ ತಿರುವು ದಾಟಿದ್ದೇ ತಡ, ಮಗುವಿನ ತಿಂಡಿ ಕಪಾಟಿನ ಮೇಲಕ್ಕೆ ಹೋಗುತ್ತಿತ್ತು. ಅಜ್ಜಿ ಹೊರಗೆ ಹೋಗಿ ತನ್ನ ಮನೆಯ ಬೆಲ್ಲನ್ನು ತಾನೇ ಒತ್ತುತ್ತಿದ್ದಳು. ಬೆಲ್ ಆದರೆ ನಲ್ಲಿಯ ಹತ್ತಿರ ಹೋಗಬೇಕು, ಕೈ ತೊಳೆಯಬೇಕು, ಚಾಪೆಯ ಮೇಲೆ ಕೂರಬೇಕು. ಕೂತರೆ ಒಂದು ತುತ್ತು. ಎದ್ದರೆ ತಟ್ಟೆ ಮತ್ತೆ ಕಪಾಟಿಗೆ. ಕೂಗಿದರೆ, ಕೂಗು ನಿಲ್ಲುವ ತನಕ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ಬಟ್ಟೆ ಮಡಚುತ್ತಿದ್ದಳು. ಹೊಡೆಯಲಿಲ್ಲ. ಮಕ್ಕಳ ಮೇಲೆ ಕೈ ಎತ್ತಿದವಳಲ್ಲ ತಾನು ಎಂದು ಅವಳಿಗೆ ಹೆಮ್ಮೆ.

ಮಡಿಲಿನ ಪಾಠಕ್ಕೆ ಮಾತ್ರ ಹೊಸ ಉಪಾಯ ಬೇಕಾಯಿತು. ಸೊಸೆಯ ಒಗೆಯದ ನೈಟಿಯೊಂದನ್ನು ತಂದು ಎರಡು ದಿಂಬಿಗೆ ಸುತ್ತಿ ಕುರ್ಚಿಯ ಮೇಲೆ ಕೂರಿಸಿದಳು. "ಬಾ" ಎಂದಾಗ ಮಗು ಆ ದಿಂಬಿನ ಮೇಲೆ ಹತ್ತಿ ಕೂರಬೇಕು. ಕೂತರೆ ಒಂದು ಬಿಸ್ಕತ್ತು. ಮೊದಲ ವಾರ ಮಗು ದಿಂಬನ್ನು ನೋಡಲೂ ಇಲ್ಲ. ಎರಡನೇ ವಾರ ಹಸಿವು ಗೆದ್ದಿತು.

ಒಂದು ಮಧ್ಯಾಹ್ನ ಮಗ ಊಟಕ್ಕೆಂದು ಮನೆಗೆ ಬಂದ. ಮಗು ಚಾಪೆಯ ಮೇಲೆ ಕಪಾಟನ್ನೇ ನೋಡುತ್ತ ಕೂತಿತ್ತು. ತುಟಿ ಒಣಗಿತ್ತು.

"ಏನಮ್ಮಾ ಇದು?"

"ಶಿಸ್ತು. ನಿನಗೂ ಹೀಗೇ ಕಲಿಸಿದ್ದು. ಕೈ ತೊಳ್ಕೊಂಡು ಬಾ."

ಅವನು ಕೈ ತೊಳೆದುಕೊಂಡು ಬಂದ. ಅಜ್ಜಿ ಅನ್ನ, ಬೀನ್ಸ್, ಎರಡು ಮೊಟ್ಟೆ ಬಡಿಸಿದಳು. ಮಗು ಕಪಾಟಿನಿಂದ ಕಣ್ಣು ತೆಗೆದು ಅವನ ಬಾಯನ್ನು ನೋಡತೊಡಗಿತು. ಅವನು ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತು ಉಂಡ. ಎದ್ದು ಹೋಗುವಾಗ, "ಅವಳಿಗೆ ಗೊತ್ತಾ?" ಎಂದ.

"ನೀನು ಹೇಳಿದ್ರೆ ಗೊತ್ತಾಗುತ್ತೆ."

ಅವನು ಹೇಳಲಿಲ್ಲ.

ಸಂಜೆ ಸ್ನಾನ ಮಾಡಿಸುವಾಗ ಸೊಸೆ ಕೇಳಿದಳು, "ಅತ್ತೆ, ಇವಳ ಫ್ರಾಕು ಯಾಕೋ ಸಡಿಲ ಆಗಿದೆಯಲ್ಲ?"

"ಉದ್ದ ಆಗ್ತಿದಾಳೆ ಕಣೇ. ನಿನಗೆ ಎಲ್ಲದರಲ್ಲೂ ಅನುಮಾನ."

ಮನೆ ನೋಡೋ ಮೇಡಂ ಬಂದದ್ದು ಟೀಚರ್ ಹೇಳಿದ ಹಾಗೆಯೇ ಊಟದ ಹೊತ್ತಿಗೆ. ದಪ್ಪ ಕನ್ನಡಕ, ತೋಳಿಗೆ ಬಟ್ಟೆಯ ಚೀಲ, ನಡುವಯಸ್ಸು. ಸೊಸೆ ರಜೆ ಹಾಕಿ ಕಾದಿದ್ದಳು. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಸಾಲು ಹಚ್ಚಿಟ್ಟುಕೊಂಡಿದ್ದಳು: ತಿರುಗುವುದು, ಕೈ ಕಚ್ಚಿಕೊಳ್ಳುವುದು, ಕರೆದರೆ ಬಾರದಿರುವುದು.

ಬೆಲ್ ಆಯಿತು. ತಿರುಗುತ್ತಿದ್ದ ಬುಗುರಿ ನಿಂತಳು. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಚಾಪೆಯ ಮೇಲೆ ಕೂತಳು.

ಸೊಸೆ ಬಾಗಿಲು ತೆರೆದವಳು ಚಿಲಕ ಹಿಡಿದೇ ನಿಂತಳು.

ಮೇಡಂ ನೆಲದ ಮೇಲೇ ಕೂತು ಚೀಲದಿಂದ ಕಿತ್ತಳೆ ತೆಗೆದು ಸುಲಿದರು. ಒಂದು ತೊಳೆ ಚಾಚಿದರು. ಮಗು ತೆಗೆದುಕೊಂಡು ತಿಂದಿತು. ಅಜ್ಜಿ ತಟ್ಟೆ ತಂದಿಟ್ಟಳು. ಬುಗುರಿ ಚಮಚದಿಂದ ಚೆಲ್ಲದೆ ಉಂಡಳು. ಆಮೇಲೆ ಅಜ್ಜಿ ಜೇನಿನಂಥ ದನಿಯಲ್ಲಿ, "ಕುರ್ಚಿ ಮೇಲೆ ಕೂತ್ಕೋ ತಾಯಿ, ನಿಂತೇ ಇದೀಯಲ್ಲ," ಎಂದು ಸೊಸೆಯನ್ನು ಆ ಕುರ್ಚಿಯಲ್ಲೇ ಕೂರಿಸಿ, ಮಗುವಿನ ಕಡೆ ನೋಡಿ "ಬಾ" ಎಂದಳು.

ಬುಗುರಿ ಎದ್ದು ಬಂದು ತಾಯಿಯ ಮಡಿಲು ಹತ್ತಿ ಕೂತಳು.

ಸೊಸೆಯ ಕೈಗಳು ಗಾಳಿಯಲ್ಲೇ ನಿಂತವು. ಮಗುವಿನ ಕೂದಲು ಅವಳ ಗಲ್ಲಕ್ಕೆ ತಾಗುತ್ತಿತ್ತು. ಜಾರಿಕೊಳ್ಳಲಿಲ್ಲ. ನಿಧಾನವಾಗಿ, ಗಾಜು ಹಿಡಿಯುವ ಹಾಗೆ, ಅವಳು ಮಗುವನ್ನು ಹಿಡಿದಳು.

"ಯಾವಾಗ್ಲೂ ಹೀಗೇ ಬರ್ತಾಳಾ ನಿಮ್ಮ ಹತ್ರ?" ಎಂದು ಮೇಡಂ ಕೇಳಿದರು.

ಸೊಸೆ ಮಗುವಿನ ನೆತ್ತಿಗೆ ಗಲ್ಲ ಒತ್ತಿಕೊಂಡಳು.

"ನಾನು ಪರೀಕ್ಷೆ ಮಾಡೋಕೆ ಬಂದಿಲ್ಲಮ್ಮ. ಇದ್ದದ್ದು ಇದ್ದ ಹಾಗೆ ಹೇಳಿ. ಅವಳಿಗೋಸ್ಕರ ಕೇಳ್ತಿರೋದು."

"ಬರ್ತಾಳೆ," ಎಂದಳು ಸೊಸೆ. ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು. "ಯಾವಾಗ್ಲೂ ಬರ್ತಾಳೆ."

ಮೇಡಂ ಇನ್ನೂ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಕಿತ್ತಳೆ ಸಿಪ್ಪೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಬಾಗಿಲು ಮುಚ್ಚಿದ ಕೂಡಲೆ ಬುಗುರಿ ಮಡಿಲಿನಿಂದ ಇಳಿದಳು. ಅಜ್ಜಿಯ ಮುಂದೆ ಹೋಗಿ ಅಂಗೈ ಚಾಚಿದಳು. ಅಜ್ಜಿ ಸೆರಗಿನ ಗಂಟಿನಿಂದ ಬಿಸ್ಕತ್ತು ಬಿಚ್ಚಿ ಕೊಟ್ಟಳು. ಮಗು ಅದನ್ನು ಕಚ್ಚಿಕೊಂಡು ಮತ್ತೆ ತಿರುಗತೊಡಗಿತು.

"ಅತ್ತೆ, ಏನಿದು?"

"ಏನು ಅಂದ್ರೆ? ನಿನ್ನ ಕೈಲಿ ನಾಲ್ಕು ವರ್ಷದಲ್ಲಿ ಆಗದ್ದನ್ನ ನಾನು ಮೂರು ವಾರದಲ್ಲಿ ಮಾಡಿ ತೋರಿಸಿದೆ."

ಮಂಚದಡಿಯಿಂದ ನೈಟಿ ಸುತ್ತಿದ ದಿಂಬುಗಳು ಹೊರಬಂದವು. ಕಪಾಟಿನ ಮೇಲಿನ ತಟ್ಟೆಯೂ ಕಂಡಿತು. ಸೊಸೆಯ ಕಿರುಚಾಟ ಬೀದಿಗೆ ಕೇಳಿಸಿತು.

"ಹೊಟ್ಟೆಗೆ ಹಾಕದೆ ಕಲಿಸಿದ್ರಾ? ನೀವು ಮನುಷ್ಯರಾ?"

"ಕೂಗಬೇಡ. ಆ ಮೇಡಂ ಎರಡು ಸಲ ಕೇಳಿದ್ರು. ಎರಡನೇ ಸಲ ಬಾಯಿ ಬಿಟ್ಟವರು ಯಾರು, ನಾನಾ?" ಅಜ್ಜಿ ಚಾಪೆ ಸುತ್ತಿಟ್ಟಳು. "ಒಂದು ಸಲ ಮಡಿಲಿಗೆ ಬಂದದ್ದಕ್ಕೆ ಮಗುವಿನ ಸೀಟು ಮಾರ್ಕೊಂಡೆ. ಈಗ ನನ್ನ ಮೇಲೆ ಯಾಕೆ ಹಾರಾಡ್ತೀಯ?"

ಕಮಿಟಿಯ ತೀರ್ಮಾನ ಬರಲು ಬಹಳ ದಿನ ಹಿಡಿಯಲಿಲ್ಲ. ಮಗುವಿಗೆ ವಿಶೇಷ ತರಗತಿ ಬೇಕಿಲ್ಲ. ಮನೆಯವರು ಚೆನ್ನಾಗಿ ಕಲಿಸುತ್ತಿದ್ದಾರೆ. ಸಾಮಾನ್ಯ ಶಿಶುವಿಹಾರ ಸಾಕು. ಸೋದರತ್ತೆಯೇ ಅಲ್ಲಿ ಟೀಚರಾಗಿರುವುದರಿಂದ ಅವರ ತರಗತಿಯಲ್ಲೇ ಕೂರಿಸಬಹುದು.

ಟೀಚರ್ ಮನೆಗೆ ಬಂದು ಚೀಲ ಎಸೆದಳು. "ಅಮ್ಮಾ! ಹಿಂದಿನ ಕೋಣೆಯಲ್ಲಿದ್ದಿದ್ರೆ ಬೆಳಿಗ್ಗೆ ಒಂದು ಗಳಿಗೆ ಮುಖ ಮುಚ್ಕೊಂಡಿದ್ರೆ ಸಾಕಿತ್ತು. ಈಗ ಇಡೀ ದಿನ ನನ್ನ ತಲೆ ಮೇಲೆ ತಂದು ಕೂರಿಸಿದ್ರಲ್ಲ!"

"ನೀನೇ ತಾನೇ ಏನೇನು ನೋಡ್ತಾರೆ ಅಂತ ಹೇಳಿಕೊಟ್ಟಿದ್ದು?"

"ಇಷ್ಟು ಚೆನ್ನಾಗಿ ಕಲಿಸಿ ಅಂತ ಹೇಳಿದ್ನಾ?"

ಒಳಗೆ ಪಾತ್ರೆ ತಿಕ್ಕುತ್ತಿದ್ದ ಸೊಸೆ ಜೋರಾಗಿ ನಕ್ಕಳು. ಆ ನಗು ಯಾರಿಗೂ ಹಿಡಿಸಲಿಲ್ಲ. ಅವಳಿಗೂ ಹಿಡಿಸಿದಂತೆ ಕಾಣಲಿಲ್ಲ.

ಶಿಶುವಿಹಾರದಲ್ಲಿ ಬೆಲ್ ಆದರೆ ಬುಗುರಿ ನಲ್ಲಿಗೆ ಓಡುತ್ತಿದ್ದಳು. ಆಟದ ಬೆಲ್ಲಿಗೂ ಓಡುತ್ತಿದ್ದಳು, ಮನೆಗೆ ಹೋಗುವ ಬೆಲ್ಲಿಗೂ ಓಡುತ್ತಿದ್ದಳು. ಕೈ ತೊಳೆದು ಬಂದು ಯಾರ ತಟ್ಟೆ ಕಂಡರೂ ಅದರ ಮುಂದೆ ಕೂತುಬಿಡುತ್ತಿದ್ದಳು. ಉಳಿದ ಹೊತ್ತು ಮೇಜಿನಡಿ. ಮಕ್ಕಳೆಲ್ಲ ಹಾಡು ಹೇಳಿದರೆ ಕಿವಿ ಮುಚ್ಚಿಕೊಂಡು ಅರಚುತ್ತಿದ್ದಳು. ಹೆಡ್‌ಮಿಸ್ ಎರಡು ಸಲ ಬಾಗಿಲಿಗೆ ಬಂದು ನಿಂತು, ಏನೂ ಹೇಳದೆ ಹೋದರು. ಅವರು ಬೈದಿದ್ದರೆ ಟೀಚರಿಗೆ ಸಮಾಧಾನವಾಗುತ್ತಿತ್ತೋ ಏನೋ.

ಒಂದು ಸಂಜೆ ಸ್ನಾನದ ಮನೆಯಿಂದ ಸೊಸೆ ಒದ್ದೆ ಕೈಯಲ್ಲೇ ಹೊರಬಂದಳು. "ಇವಳ ಸೊಂಟದ ಸುತ್ತ ಕೆಂಪಗೆ ಬರೆ ಬಿದ್ದಿದೆ. ಏನದು?"

ಟೀಚರ್ ಆಲೂಗಡ್ಡೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ದುಪಟ್ಟಾ. ಕುರ್ಚಿಗೆ ಕಟ್ಟಿದ್ದೆ. ಓಡಿಹೋಗಿ ಗೇಟು ದಾಟಿ ಲಾರಿಗೆ ಸಿಕ್ಕಿದ್ರೆ ಸರಿ ಇರ್ತಿತ್ತಾ?"

"ಎಷ್ಟು ಹೊತ್ತು ಕಟ್ಟಿದ್ರಿ?"

"ಅತ್ತಿಗೆ, ನೀವು ಒಂದೊಂದೇ ಗಾಜು ಉಜ್ಜೋರು. ನನ್ನ ಮುಂದೆ ಒಂದು ಹಿಂಡು ಮಕ್ಕಳಿದಾವೆ."

"ರೀ, ಕೇಳಿಸ್ಕೊಂಡ್ರಾ?" ಎಂದು ಸೊಸೆ ಗಂಡನ ಕಡೆ ತಿರುಗಿದಳು.

ಅವನು ಹಳೆಯ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ಕೂತಿದ್ದ. "ದಿನಾ ದುಡಿದು ಬರ್ತೀನಿ. ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡ್ತೀರಾ ಇಲ್ವಾ ನೀವೆಲ್ಲ?"

"ನಿಮ್ಮ ತುತ್ತಿಗೆ ಯಾರೂ ಅಡ್ಡ ಬಂದಿಲ್ಲ ಬಿಡಿ," ಎಂದಳು ಅವಳು. "ಯಾವತ್ತೂ ಬಂದಿಲ್ಲ."

ಮರುದಿನ ಸೊಸೆ ಅಂಗಡಿಗೆ ಹೋಗದೆ ಶಾಲೆಗೆ ಹೋದಳು. ಮೇಡಂ ಕೋಣೆ ಮುರಿದ ಬೆಂಚುಗಳ ಗೋದಾಮಿನ ಪಕ್ಕದಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಒಂದು ಬುಟ್ಟಿ ಗೊಂಬೆ. ಸೊಸೆ ಎಲ್ಲವನ್ನೂ ಹೇಳಿದಳು. ಕಪಾಟು, ದಿಂಬು, ಬಿಸ್ಕತ್ತು, ದುಪಟ್ಟಾ, ಕೊನೆಗೆ ತನ್ನ ಸುಳ್ಳು.

ಮೇಡಂ ಕನ್ನಡಕ ತೆಗೆದು ಒರೆಸಿದರು. "ನನಗೆ ಅನುಮಾನ ಬಂದಿತ್ತು. ಅದಕ್ಕೇ ಎರಡನೇ ಸಲ ಕೇಳಿದ್ದು. ತಾಯಿನೇ ಅಳ್ತಾ ಹೇಳಿದ್ಮೇಲೆ ನಂಬಿದೆ. ಕಮಿಟಿ ಮುಂದೆ ನಿಮ್ಮ ಮಾತನ್ನೇ ಹೇಳಿದೆ. ಆ ಸೀಟು ಬೇರೆ ಮಗುವಿಗೆ ಹೋಯ್ತು."

"ಇನ್ನೊಂದಿಲ್ವಾ ಮೇಡಂ?"

"ಒಂದು ಮನೆಯವರು ಊರು ಬಿಟ್ಟು ಹೋಗ್ತಿದಾರೆ, ಒಂದು ಖಾಲಿ ಆಗುತ್ತೆ. ಅದಕ್ಕೆ ಕಾಯ್ತಿರೋರು ಬಹಳ ಜನ. ನಿಮ್ಮ ಮಗುವನ್ನ ಒಂದು ಸಲ ಬೇಡ ಅಂದಿದೆ ಕಮಿಟಿ. ನೀವು ಹೇಳಿದ್ರಿ ಅಂತ ನಾನು ಹೋಗಿ ಮತ್ತೆ ಕೇಳೋಕಾಗಲ್ಲ. ಇನ್ನೊಂದು ಸಲ ಬರ್ತೀನಿ. ಈ ಸಲ ಯಾರ ಮಾತೂ ಬೇಡ. ಕಣ್ಣಲ್ಲಿ ಕಂಡದ್ದನ್ನ ಮಾತ್ರ ಹೇಳ್ತೀನಿ."

"ಯಾವತ್ತು ಬರ್ತೀರಿ?"

"ಈ ವಾರ. ದಿನ ಹೇಳಲ್ಲ." ಅವರು ಕನ್ನಡಕ ಹಾಕಿಕೊಂಡರು. "ದುಪಟ್ಟಾ ವಿಷಯ ಹೆಡ್‌ಮಿಸ್‌ಗೆ ನಾನೇ ಹೇಳ್ತೀನಿ. ಹೇಳ್ದೆ ಇರೋಕಾಗಲ್ಲ. ಮನೆಯಲ್ಲಿ ನಿಮಗೆ ಕಷ್ಟ ಆಗುತ್ತೆ."

"ಇನ್ನೇನು ಆಗೋದಿದೆ?"

ಆಗುವುದು ಇನ್ನೂ ಇತ್ತು. ನಾದಿನಿಯ ಕೆಲಸ ಖಾಯಂ ಆಗುವ ಮಾತು ಅಲ್ಲಿಗೇ ನಿಂತಿತು. ಟೀಚರ್ ಮನೆಯಲ್ಲಿ ಅತ್ತಿಗೆ ಮುಟ್ಟಿದ ಪಾತ್ರೆಯನ್ನು ಇನ್ನೊಮ್ಮೆ ತೊಳೆದು ಉಣ್ಣತೊಡಗಿದಳು. ಸೊಸೆ ಅಂಗಡಿಗೆ ರಜೆ ಹಾಕಿ ಮಗುವಿನ ಜೊತೆ ಮನೆಯಲ್ಲೇ ಕೂತಳು. ಕಲಿತದ್ದನ್ನು ಮರೆಸಲು ನೋಡಿದಳು. ಬೆಲ್ ಒತ್ತಿ ಬಂದು, ಮಗು ನಲ್ಲಿಗೆ ಓಡುವ ಮೊದಲೇ ಬಾಯಿಗೆ ಬಿಸ್ಕತ್ತು ಇಟ್ಟಳು. ಮಗು ಬಿಸ್ಕತ್ತು ಅಗಿಯುತ್ತಲೇ ಹೋಗಿ ಕೈ ತೊಳೆದು ಚಾಪೆಯ ಮೇಲೆ ಕೂತಿತು.

"ನಾನು ಕಲಿಸಿದ್ದು ಅಷ್ಟು ಸುಲಭಕ್ಕೆ ಹೋಗಲ್ಲ ಬಿಡು," ಎಂದಳು ಅಜ್ಜಿ, ಒಗೆದ ಬಟ್ಟೆ ಹಿಂಡುತ್ತ. "ಮೇಡಂ ಬರ್ತಾರೆ, ಮಗು ಚೆಂದ ಕೂರುತ್ತೆ, ಅವರು ಹೋಗ್ತಾರೆ. ಮತ್ತೆ ನೀನು ಬಾಯಿ ಬಡ್ಕೋ."

ವಾರದ ಕೊನೆಯಲ್ಲಿ ಮೇಡಂ ಬಂದರು. ಬೆಳಿಗ್ಗೆ ಹತ್ತರ ಹೊತ್ತು. ಅಜ್ಜಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೆಲ್ ಆಯಿತು, ಬುಗುರಿ ಕೈ ತೊಳೆದಳು, ಚಾಪೆಯ ಮೇಲೆ ಕೂತಳು. ಮೇಡಂ ಗೋಡೆಗೆ ಒರಗಿ ಕೂತು ನೋಡಿದರು. ಮಗು ಕೂತೇ ಇತ್ತು. ಗೊಂಬೆ ಕೊಟ್ಟರು, ಹಿಡಿದುಕೊಂಡು ಕೂತಿತು. ಚಪ್ಪಾಳೆ ತಟ್ಟಿದರು, ಕೂತಿತು. ಬಿಸಿಲು ಕಿಟಕಿಯಿಂದ ಚಾಪೆಯ ತನಕ ಸರಿಯಿತು. ಇಂಥ ಒಳ್ಳೆಯ ಮಗು ಬೀದಿಯಲ್ಲೇ ಇರಲಿಲ್ಲ.

ಮೇಡಂ ನಿಟ್ಟುಸಿರು ಬಿಟ್ಟು ಚೀಲಕ್ಕೆ ಕೈ ಹಾಕಿದರು.

"ಒಂದು ನಿಮಿಷ ಮೇಡಂ, ಕುಡಿಯೋಕೆ ತರ್ತೀನಿ," ಎಂದು ಸೊಸೆ ಎದ್ದಳು. ಹೋಗುವ ದಾರಿಯಲ್ಲಿ ಮಲಗುವ ಕೋಣೆಯ ಬಾಗಿಲೆಳೆದು ಚಿಲಕ ಹಾಕಿದಳು. ಹೆದರಿದಾಗ ಮಗು ಅಡಗುತ್ತಿದ್ದದ್ದು ಆ ಕೋಣೆಯ ಮಂಚದಡಿ.

ಆ ಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದದ್ದು ಮಗು ಮನೆಯಲ್ಲಿ ಇಲ್ಲದಾಗ ಮಾತ್ರ. ಆ ಸದ್ದು ಮಗುವಿಗೆ ಏನು ಮಾಡುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಸೊಸೆ. ಅಜ್ಜಿ ಮರೆತು ತಿರುಗಿಸಲು ಹೋದಾಗಲೆಲ್ಲ ಓಡಿಬಂದು ಕೈ ಹಿಡಿಯುತ್ತಿದ್ದವಳು ಅವಳೇ. ಈಗ ಅವಳು ಜಾರ್ ಕೂರಿಸಿ ಗುಂಡಿಯನ್ನು ಕೊನೆಯ ತನಕ ತಿರುಗಿಸಿದಳು.

ಮಗು ಚಾಪೆಯಿಂದ ಎಗರಿಬಿತ್ತು. ಆ ಅರಚಾಟ ಮಿಕ್ಸಿಯ ಸದ್ದನ್ನೂ ಮೀರಿತು. ಮಂಚದ ಕೋಣೆಗೆ ಓಡಿ ಬಾಗಿಲಿಗೆ ಬಡಿಯಿತು, ತೆರೆಯಲಿಲ್ಲ. ಮುಂಗೈ ಕಚ್ಚಿಕೊಂಡಿತು. ಹಣೆಯನ್ನು ಬಾಗಿಲಿಗೆ ಚಚ್ಚತೊಡಗಿತು, ಧಡ್ ಧಡ್ ಎಂದು. ಕಾಲ ನಡುವಿನಿಂದ ಉಚ್ಚೆ ಹರಿದು ನೆಲಕ್ಕೆ ಬಂತು. ಸೊಸೆ ಅಡುಗೆಮನೆಯ ಗೋಡೆ ನೋಡುತ್ತ ಗುಂಡಿ ಹಿಡಿದೇ ನಿಂತಿದ್ದಳು.

ಹಿತ್ತಿಲಿನಿಂದ ಅಜ್ಜಿ ಸೋಪಿನ ಕೈಯಲ್ಲೇ ಓಡಿಬಂದಳು. "ಆಫ್ ಮಾಡೇ! ಮಗು ಸಾಯುತ್ತೆ ಕಣೇ, ಆಫ್ ಮಾಡು!"

ಕೊನೆಗೆ ಆರಿಸಿದವರು ಮೇಡಂ. ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆರಿಸಿದರು. ಆಮೇಲೆ ಹೋಗಿ ಚಿಲಕ ತೆಗೆದರು. ಮಗು ನುಸುಳಿ ಮಂಚದಡಿ ಸೇರಿತು. ಅಜ್ಜಿ ನೆಲದ ಮೇಲೆ ಕೂತು, "ಬಾ, ಬಾರೇ ಬಂಗಾರ," ಎಂದು ಮಂಚದಡಿಗೆ ಕೈ ಚಾಚಿ ಅಳುತ್ತಿದ್ದಳು.

ಮೇಡಂ ಅಡುಗೆಮನೆಗೆ ವಾಪಸು ಬಂದರು. "ಜಾರ್ ಖಾಲಿ ಇತ್ತು."

"ಹೂಂ."

"ನಾನು ನೋಡಿದೆ."

"ಅದನ್ನೂ ಹೇಳಿ ಕಮಿಟಿಗೆ. ನೀವು ಕಂಡದ್ದನ್ನೇ ಹೇಳೋದಲ್ವಾ?"

ಮೇಡಂ ಮಿಕ್ಸಿಯ ಪ್ಲಗ್ ಕಿತ್ತರು. "ಹೇಳಿದ್ರೆ ಸೀಟು ಹೋಗುತ್ತೆ. ಮಗುವಿನ ಪಾಡು ಕಂಡಿದ್ದೀನಿ, ಅದನ್ನ ಹೇಳ್ತೀನಿ. ಸೀಟು ಸಿಗೋ ಹಾಗೆ ಹೇಳ್ತೀನಿ. ಸೋಮವಾರದಿಂದ ನೀವೇ ಕರ್ಕೊಂಡು ಬನ್ನಿ. ಆದ್ರೆ ಇನ್ಮೇಲೆ ಪ್ರತಿ ವಾರ ಈ ಮನೆಗೆ ಬರ್ತೀನಿ ನಾನು. ಅವಳ ಅಜ್ಜಿಯನ್ನ ನೋಡೋಕಲ್ಲ, ನಿಮ್ಮನ್ನ ನೋಡೋಕೆ." ಚೀಲ ತೋಳಿಗೆ ಹಾಕಿಕೊಂಡರು. "ಮೊದಲನೇ ಸಲವೇ 'ಇಲ್ಲ, ಬರಲ್ಲ' ಅಂದಿದ್ರೆ ಸಾಕಿತ್ತಮ್ಮ. ಎರಡು ಮಾತು."

ಸಂಜೆ ಟೀಚರ್ ತನ್ನ ತಟ್ಟೆ ತೆಗೆದುಕೊಂಡು ಕೋಣೆ ಸೇರಿದಳು. ಮಗ ಸುದ್ದಿ ಕೇಳಿ, "ಸೀಟು ಸಿಕ್ತಲ್ಲ, ಇನ್ನಾದ್ರೂ ಜಗಳ ನಿಲ್ಲಿಸಿ," ಎಂದು ಉಂಡೆದ್ದ. ಮಗು ಮಂಚದಡಿಯಿಂದ ಹೊರಗೆ ಬಂದಿರಲಿಲ್ಲ. ಸೊಸೆ ಇಟ್ಟ ತಟ್ಟೆಯನ್ನು ಕಾಲಿನಿಂದ ದೂರ ತಳ್ಳಿತ್ತು. ಅಜ್ಜಿ ಇಟ್ಟ ಹಾಲನ್ನು ಕುಡಿದಿತ್ತು.

ಸೊಸೆ ಒಲೆಯ ಕಟ್ಟೆ ಒರೆಸುತ್ತಿದ್ದಳು. ಹಿಂದಿನಿಂದ ಅಜ್ಜಿ, "ಬಾ, ಕೂತ್ಕೋ. ನಾನು ಬಡಿಸ್ತೀನಿ," ಎಂದಳು.

ಆ ಮನೆಗೆ ಬಂದ ಮೇಲೆ ಅತ್ತೆ ಅವಳಿಗೆ ಬಡಿಸಿದ್ದು ಇಲ್ಲವೇ ಇಲ್ಲ. ಸೊಸೆ ಕೂತಳು. ಅಜ್ಜಿ ಅನ್ನ ಹಾಕಿದಳು, ಆಲೂಗಡ್ಡೆ ಹಾಕಿದಳು, ಮಗನಿಗೆಂದು ತೆಗೆದಿಡುವ ದೊಡ್ಡ ಮೊಟ್ಟೆಯನ್ನೂ ಹಾಕಿದಳು. ಎದುರಿಗೆ ಕೂತು ಅವಳನ್ನು ತಲೆಯಿಂದ ಕಾಲಿನ ತನಕ ಹೊಸಬಳನ್ನು ನೋಡುವ ಹಾಗೆ ನೋಡಿದಳು.

"ಇಷ್ಟು ವರ್ಷ ನಿನ್ನ ಹೊರಗಿನವಳು ಅಂದ್ಕೊಂಡಿದ್ದೆ ಕಣೇ," ಎಂದಳು. "ನಾನು ಹೊಟ್ಟೆಗೆ ಕೊಡದೆ ಸತಾಯಿಸಿದೆ, ನಿಜ. ಬಾಗಿಲಿಗೆ ಚಿಲಕ ಹಾಕೋದು ನನಗೆ ಹೊಳೆದಿರಲಿಲ್ಲ. ಈಗ ನೀನು ನಮ್ಮ ಮನೆಯವಳಾದೆ."

ಸೊಸೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತುತ್ತು ಕಲಸಿದಳು, ಬಾಯಿಗಿಟ್ಟಳು, ನುಂಗಿದಳು. ತಟ್ಟೆ ಬೇಗನೆ ಖಾಲಿಯಾಯಿತು.

"ಇನ್ನೂ ಸ್ವಲ್ಪ ಅನ್ನ ಹಾಕಿ ಅತ್ತೆ," ಎಂದಳು.

ಅತ್ತೆ ಹಾಕಿದಳು.